ಬೀಜಧನ: ವಿಜಾಪುರ ಸೀಮೆಯಲ್ಲಿ ವಿದ್ಯಾದತ್ತಿಯಿಂದ ವೈದ್ಯಸಂಶೋಧನೆಯ ವರೆಗೆ

ಸುಗ್ಗಿಯ ರಾಶಿ ಮುಗಿದ ಮೇಲೆ ವಿಜಾಪುರ ಸೀಮೆಯ ಒಕ್ಕಲಿಗನು ಹಗೇವಿಗೆ ಇಳಿಸುವ ಜೋಳದಿಂದ ಬೀಜದ ಜೋಳವನ್ನು ಬೇರೆಯಾಗಿ ಆರಿಸಿ ಕಟ್ಟಿಡುವನು. ತಿನ್ನುವ ಕಾಳಿನ ಮುಂದೆ ಅದು ಪ್ರಮಾಣದಲ್ಲಿ ಅತ್ಯಲ್ಪವಾದದ್ದು. ಆದರೆ ಮರುವರ್ಷದ ಬೆಳೆಯೆಲ್ಲವೂ ಅದರಲ್ಲಿಯೇ ಅಡಗಿರುವದು. 1876-78 ರ ಮಹಾಕ್ಷಾಮದಂಥ ಬರಗಳನ್ನು ಕಂಡ ಈ ನಾಡಿನವರಿಗೆ ಬೀಜದ ಕಾಳಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ಬಿತ್ತಿದ ಕಾಳೆಲ್ಲವೂ ಮೊಳೆಯುವದಿಲ್ಲವೆಂಬುದು ಒಕ್ಕಲಿಗನಿಗೆ ಗೊತ್ತುಂಟು. ಹಾಗೆಂದು ಬಿತ್ತದೆ ಕುಳಿತವನಾರೂ ಇಲ್ಲ.

ಈಗಿನ ವಿಶ್ವವಿದ್ಯಾಲಯಗಳು ತಮ್ಮ ಸ್ವಂತ ಬೊಕ್ಕಸದಿಂದ ತಮ್ಮ ಅಧ್ಯಾಪಕರಿಗೆ ಕೊಡುವ ಚಿಕ್ಕ ಸಂಶೋಧನಾನುದಾನಕ್ಕೆ ಬೀಜಧನವೆಂಬ ಹೆಸರು ಬಂದಿರುವದು ಈ ಕಾರಣದಿಂದಲೇ. ಸರಕಾರದ ಇಲಾಖೆಗಳೂ ಪರದೇಶದ ಧರ್ಮನಿಧಿಗಳೂ ದೊಡ್ಡ ಮೊತ್ತದ ಹಣವನ್ನು ಕೊಡುವದಕ್ಕೆ ಮುಂಚೆ, “ನಿಮ್ಮ ವಿಚಾರವು ನಿಲ್ಲುವದೆಂಬುದಕ್ಕೆ ಆಧಾರವೇನು?” ಎಂದು ಕೇಳುತ್ತವೆ. ಆ ಆಧಾರವನ್ನು ಒದಗಿಸುವದಕ್ಕೂ ಹಣ ಬೇಕಾಗುವದು. ಆಧಾರವಿಲ್ಲದೆ ಹಣವಿಲ್ಲ, ಹಣವಿಲ್ಲದೆ ಆಧಾರವಿಲ್ಲವೆಂಬ ಈ ತೊಡಕನ್ನು ಬಿಡಿಸುವದೇ ಆಂತರಿಕ ಅನುದಾನದ ಕಾರ್ಯವು. ರೋಗಿಗಳ ಚಿಕಿತ್ಸೆಗೆ ಸಂಬಂಧಿಸಿದ ಸಂಶೋಧನೆಯ ಪ್ರಾರಂಭದಶೆಯಲ್ಲಿ ಇದರ ಉಪಯೋಗವು ಎಷ್ಟೆಂಬುದನ್ನೂ, ಈ ಪದ್ಧತಿಯು ವಿಜಾಪುರ ಸೀಮೆಯ ವರೆಗೆ ಹೇಗೆ ಬಂದು ಮುಟ್ಟಿತೆಂಬುದನ್ನೂ ಕ್ರಮವಾಗಿ ವಿವೇಚಿಸುವದು ಪ್ರಸ್ತುತ ಲೇಖನದ ಉದ್ದೇಶವಾಗಿರುವದು.

ದತ್ತಿಯ ಪೂರ್ವೇತಿಹಾಸ

ವಿದ್ಯೆಗಾಗಿ ಧನವನ್ನು ಮೀಸಲಿಡುವದು ಈ ಸೀಮೆಗೆ ಹೊಸದಲ್ಲ. ಇಂಡಿ ತಾಲೂಕಿನ ಸಾಲೋಟಗಿಯಲ್ಲಿರುವ ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಕಾಲದ ಶಾಸನವು ಕ್ರಿ. ಶ. 945 ರದು. ಆ ಅರಸನ ಮಂತ್ರಿಯಾದ ನಾರಾಯಣನು ಅಲ್ಲಿ ತ್ರಯೀಪುರುಷ ದೇವಾಲಯದೊಡನೆ ಒಂದು ಶಾಲೆಯನ್ನು ಕಟ್ಟಿಸಿದನೆಂದೂ, ನಾನಾ ದೇಶಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರೆಂದೂ, ಅವರ ವಸತಿಗಾಗಿ 27 ಮನೆಗಳಿದ್ದವೆಂದೂ ಅದರಿಂದ ತಿಳಿದುಬರುವದು. ಶಾಲೆಯ ನಿರ್ವಾಹಕ್ಕೆ 500 ನಿವರ್ತನ ಭೂಮಿಯು ದತ್ತಿಯಾಗಿ ದೊರೆತಿದ್ದಿತು. ದೀಪದ ಎಣ್ಣೆಗಾಗಿಯೇ 12 ನಿವರ್ತನಗಳು ಬೇರೆ ಇದ್ದವು. ಓದುವವನಿಗೆ ಅನ್ನದಷ್ಟೇ ದೀಪವೂ ಅವಶ್ಯವೆಂಬುದನ್ನು ಅರಿತು ಅದಕ್ಕೆಂದೇ ಭೂಮಿಯನ್ನು ಬಿಟ್ಟ ದಾನಿಗಳ ದೂರದೃಷ್ಟಿಯು ಮೆಚ್ಚತಕ್ಕದ್ದು. ಊರಿನವರು ತಮ್ಮ ಮನೆಯ ಮದುವೆ ಮೊದಲಾದ ಶುಭಕಾರ್ಯಗಳಲ್ಲಿ ಶಾಲೆಗೆ ನಿಯತವಾದ ಕಾಣಿಕೆಯನ್ನು ಸಲ್ಲಿಸುವ ಏರ್ಪಾಡೂ ಇದ್ದಿತು.

ವಿದ್ಯೆಯೂ ಔಷಧವೂ ಒಂದೇ ಆವರಣದಲ್ಲಿ ಇದ್ದದ್ದಕ್ಕೆ ಬಳ್ಳಿಗಾವೆಯ ಕೋಡಿಯ ಮಠವು ನಿದರ್ಶನವು. 1162 ರ ಶಾಸನವು ಆ ಮಠವನ್ನು ಶಾಸ್ತ್ರಾಧ್ಯಯನದ ನೆಲೆಯೆಂದು ವರ್ಣಿಸುವದಲ್ಲದೆ, ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ದೊರೆಯುವ ಸ್ಥಾನವೆಂದೂ ಹೇಳುವದು. ಆದರೆ ಈ ಪ್ರಾಚೀನ ದತ್ತಿಗಳ ಉದ್ದೇಶವು ತಿಳಿದಿದ್ದ ವಿದ್ಯೆಯನ್ನು ಕಲಿಸುವದು ಮತ್ತು ತಿಳಿದಿದ್ದ ಔಷಧವನ್ನು ಕೊಡುವದು. ತಿಳಿಯದೆ ಇರುವದನ್ನು ಅರಸುವದಕ್ಕಾಗಿ ದ್ರವ್ಯವನ್ನು ಮೀಸಲಿಡಬೇಕೆಂಬ ಕಲ್ಪನೆಯು ಬಹಳ ಈಚಿನದು. ಇವೆರಡರ ನಡುವಣ ಅಂತರವನ್ನು ಮುಂದಿನ ವಿವೇಚನೆಯಲ್ಲಿ ಲಕ್ಷ್ಯದಲ್ಲಿ ಇಟ್ಟುಕೊಳ್ಳುವದು ಅವಶ್ಯವು.

ಆಧುನಿಕ ಕಾಲದಲ್ಲಿ ಉತ್ತರ ಕರ್ನಾಟಕದ ವಿದ್ಯಾದತ್ತಿಗಳಿಗೆ ಮೇಲ್ಪಂಕ್ತಿಯಾದವರು ಸಿರಸಂಗಿಯ ಲಿಂಗರಾಜ ದೇಸಾಯರು. 1906 ರಲ್ಲಿ ಲಿಂಗೈಕ್ಯರಾದ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಮೃತ್ಯುಪತ್ರದ ಮೂಲಕ ಬಿಟ್ಟುಕೊಟ್ಟರು. 1916 ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಉಪಾಧ್ಯಾಯರು ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದರು. ಅದಕ್ಕೂ ಆರು ವರ್ಷ ಮುಂಚೆಯೇ, ಎಂದರೆ 1910 ರಲ್ಲಿ, ವಿಜಾಪುರದಲ್ಲಿ ಲಿಂಗಾಯತ ಜಿಲ್ಲಾ ಶಿಕ್ಷಣ ಸಂಸ್ಥೆಯು ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಪ್ರಯತ್ನದಿಂದ ಜನ್ಮ ತಾಳಿತು.

ಅನುದಾನವಿಲ್ಲದ ಸಂಶೋಧಕ

ಹಳಕಟ್ಟಿಯವರು 1880 ರ ಜುಲೈ 2 ರಂದು ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡವರು. ಅವರು ಮಾಡಿದ ಶಿಕ್ಷಣ ಮತ್ತು ಸಹಕಾರದ ಕಾರ್ಯಗಳು ವಾಚಕರಿಗೆ ವಿದಿತವಾದವುಗಳೇ. ಅವರ ವಚನಸಂಶೋಧನೆಯನ್ನು ಮಾತ್ರ ಪ್ರಕೃತ ವಿಷಯದ ಬೆಳಕಿನಲ್ಲಿ ಇನ್ನೊಮ್ಮೆ ನೋಡುವದು ಉಚಿತವು. ಕಚೇರಿಯ ಕೆಲಸದಿಂದ ಬಿಡುವಾದಾಗ ಊರೂರು ತಿರುಗಿ ತಾಡವೋಲೆಗಳನ್ನು ಕೂಡಿಸಿ, ಪಾಠಗಳನ್ನು ತಾಳೆನೋಡಿ, 1923 ರಲ್ಲಿ ವಚನಶಾಸ್ತ್ರಸಾರದ ಪ್ರಥಮ ಭಾಗವನ್ನು ಅವರು ಹೊರತಂದರು. ಮುಂದೆ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸುವದಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. 1926 ರಲ್ಲಿ ಶಿವಾನುಭವ ಪತ್ರಿಕೆಯು ಆರಂಭವಾಯಿತು.

ಆ ಕಾಲಕ್ಕೆ ಯಾವ ವಿಶ್ವವಿದ್ಯಾಲಯವೂ ಅವರ ಕೆಲಸಕ್ಕೆ ಅನುದಾನವನ್ನು ಕೊಟ್ಟಿರಲಿಲ್ಲ. ಫಲವು ಕಣ್ಣಿಗೆ ಕಂಡ ಎಷ್ಟೋ ವರ್ಷಗಳ ತರುವಾಯ, 1956 ರಲ್ಲಿ, ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರ ಪದವಿಯನ್ನು ಕೊಟ್ಟಿತು. 1964 ರ ಜೂನ್ 29 ರಂದು ಅವರು ಲಿಂಗೈಕ್ಯರಾದರು. ಸಂಶೋಧಕನ ಮೊದಲನೆಯ ವೆಚ್ಚವನ್ನು ಅವನ ಮನೆಯವರೇ ತೆರಬೇಕಾಗುವದೆಂಬುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಡ. ಇಂಥ ತ್ಯಾಗವು ಪೂಜ್ಯವಾದದ್ದು ನಿಜ. ಆದರೆ ತ್ಯಾಗವನ್ನೇ ವ್ಯವಸ್ಥೆಯನ್ನಾಗಿ ಮಾಡಿಕೊಳ್ಳುವ ಸಮಾಜವು ಬುದ್ಧಿವಂತ ಸಮಾಜವಲ್ಲ. ಮನೆಯನ್ನು ಮಾರಲು ಸಿದ್ಧನಾದವನು ಶತಮಾನಕ್ಕೆ ಒಬ್ಬನು. ಒಳ್ಳೆಯ ಪ್ರಶ್ನೆಯನ್ನು ಕೇಳಬಲ್ಲವರು ಪ್ರತಿ ತಲೆಮಾರಿನಲ್ಲಿಯೂ ಅನೇಕರು ಇರುವರು.

ಹಳಕಟ್ಟಿಯವರು ನೆಟ್ಟ ಸಂಸ್ಥೆಯನ್ನು ಬಂಥನಾಳದ ಸಂಗನಬಸವ ಶಿವಯೋಗಿಗಳು ಬೆಳೆಯಿಸಿದರು. 1986 ರಲ್ಲಿ ಆ ಸಂಸ್ಥೆಯು ವೈದ್ಯಕೀಯ ಮಹಾವಿದ್ಯಾಲಯವನ್ನು ತೆರೆಯಿತು. ಅದು ಇಂದು ಶ್ರೀ ಬಿ. ಎಂ. ಪಾಟೀಲ ವೈದ್ಯಕೀಯ ಮಹಾವಿದ್ಯಾಲಯ, ಆಸ್ಪತ್ರೆ ಮತ್ತು ಸಂಶೋಧನ ಕೇಂದ್ರವೆಂಬ ಹೆಸರಿನಿಂದ ಪ್ರಸಿದ್ಧವಾಗಿರುವದು. 2008 ರ ಫೆಬ್ರವರಿ 29 ರಂದು ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಪದವಿಯು ದೊರೆಯಿತು. ಹೀಗೆ, ಯಾರ ಅನುದಾನವೂ ಇಲ್ಲದೆ ಸಂಶೋಧನೆಯನ್ನು ಮಾಡಿದವರು ಹುಟ್ಟಿಸಿದ ಸಂಸ್ಥೆಯು 98 ವರ್ಷಗಳ ಅನಂತರ ಇತರರಿಗೆ ಅನುದಾನವನ್ನು ಕೊಡಬಲ್ಲ ವಿಶ್ವವಿದ್ಯಾಲಯವಾಯಿತು. ತನ್ನ ಅಧ್ಯಾಪಕರಿಗೆ ಬೀಜಧನವನ್ನು ಕೊಡುವ ಪದ್ಧತಿಯನ್ನೂ ಅದು ಇಟ್ಟುಕೊಂಡಿರುವದು. ಬೆಳಗಾವಿಯ ಸಂಸ್ಥೆಯ ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯವು 1963 ರಲ್ಲಿ ಸ್ಥಾಪಿತವಾಗಿ, 2006 ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಅಂಗವಾಯಿತು. ಬೆಂಗಳೂರಿನಲ್ಲಿ 1996 ರಲ್ಲಿ ಸ್ಥಾಪಿತವಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಸಂಯೋಜಿತ ಕಾಲೇಜುಗಳ ಸಂಶೋಧಕರಿಗೆ ಧನಸಹಾಯವನ್ನು ಮಾಡುತ್ತ ಬಂದಿರುವದು.

ಚಿಕ್ಕ ಮೊತ್ತದ ದೊಡ್ಡ ಫಲ

ಚಿಕ್ಕ ಸಹಾಯದಿಂದ ಏನಾಗುವದೆಂದು ಸಂಶಯಪಡುವವರಿಗೆ ಮೂರು ದೇಶಗಳ ಇತಿಹಾಸವು ಉತ್ತರವನ್ನು ಕೊಡುವದು.

ಮೊದಲನೆಯದು ಕೆನಡಾ ದೇಶದ ಟೊರಾಂಟೋ ವಿಶ್ವವಿದ್ಯಾಲಯದ್ದು. 1921 ರ ಬೇಸಗೆಯಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಎಂಬ ತರುಣ ವೈದ್ಯನಿಗೆ ಪ್ರಾಧ್ಯಾಪಕ ಮ್ಯಾಕ್ಲಿಯಾಡ್ ಎಂಬವರು ಒಂದು ಪ್ರಯೋಗದ ಕೋಣೆಯನ್ನೂ, ಪ್ರಯೋಗಕ್ಕೆ ಹತ್ತು ನಾಯಿಗಳನ್ನೂ, ಚಾರ್ಲ್ಸ್ ಬೆಸ್ಟ್ ಎಂಬ ವಿದ್ಯಾರ್ಥಿಯ ಸಹಾಯವನ್ನೂ ಕೊಟ್ಟರು. ಬ್ಯಾಂಟಿಂಗನಿಗೆ ಮೊದಲಲ್ಲಿ ಸಂಬಳವೂ ಇರಲಿಲ್ಲ. 1922 ರ ಜನವರಿ 11 ರಂದು ಮಧುಮೇಹದಿಂದ ಸಾಯುವ ಸ್ಥಿತಿಯಲ್ಲಿದ್ದ 14 ವರ್ಷದ ಹುಡುಗನಿಗೆ ಆ ಸಾರವನ್ನು ಚುಚ್ಚಿದಾಗ ಗುಣವು ಕಾಣಲಿಲ್ಲ. ಚುಚ್ಚಿದ ಸ್ಥಳವು ಕೀವುಗಟ್ಟಿತು. ಕಾಲಿಪ್ ಎಂಬ ರಸಾಯನಜ್ಞನು ಸಾರವನ್ನು ಶುದ್ಧಿಮಾಡಿದ ಮೇಲೆ, ಅದೇ ತಿಂಗಳ 23 ರಂದು ಪುನಃ ಕೊಡಲು, ರಕ್ತದ ಸಕ್ಕರೆಯು ಇಳಿಯಿತು. ಅದೇ ಇನ್ಸುಲಿನ್. ಮೊದಲನೆಯ ಸೋಲಿನ ದಿನವೇ ವಿಶ್ವವಿದ್ಯಾಲಯವು ಕೋಣೆಯ ಬಾಗಿಲನ್ನು ಮುಚ್ಚಿದ್ದರೆ ಲೋಕಕ್ಕೆ ಎಷ್ಟು ನಷ್ಟವಾಗುತ್ತಿತ್ತೆಂಬುದನ್ನು ಊಹಿಸಬಹುದು. ಶೋಧಕರು ಹಕ್ಕುಪತ್ರವನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು.

ಎರಡನೆಯದು ಅಮೇರಿಕೆಯ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು. ಅಲ್ಲಿಯ ಹ್ಯಾರಿ ಸ್ಟೀನ್‌ಬಾಕ್ ಎಂಬವನು ಆಹಾರಪದಾರ್ಥಗಳಿಗೆ ವಿಶಿಷ್ಟ ಕಿರಣಗಳನ್ನು ತಾಗಿಸಿ ಡಿ ಜೀವಸತ್ತ್ವವನ್ನು ಹೆಚ್ಚಿಸುವ ಉಪಾಯವನ್ನು ಕಂಡುಹಿಡಿದನು. ಅದರಿಂದ ಬರುವ ಆದಾಯವನ್ನು ತಾನು ಇಟ್ಟುಕೊಳ್ಳದೆ ವಿಶ್ವವಿದ್ಯಾಲಯದ ಸಂಶೋಧನೆಗೆ ವಿನಿಯೋಗಿಸಬೇಕೆಂದು ಇಚ್ಛಿಸಿದ್ದರಿಂದ, 1925 ರಲ್ಲಿ ಹಳೆಯ ವಿದ್ಯಾರ್ಥಿಗಳ ಒಂದು ಸಂಶೋಧನಾನಿಧಿಯು ಸ್ಥಾಪಿತವಾಯಿತು. 1933 ರಲ್ಲಿ ಒಬ್ಬ ರೈತನು ಸತ್ತ ಆಕಳನ್ನೂ, ಹೆಪ್ಪುಗಟ್ಟದ ರಕ್ತವನ್ನು ತುಂಬಿದ ಡಬ್ಬಿಯನ್ನೂ ತೆಗೆದುಕೊಂಡು ಹಿಮದಲ್ಲಿ ಆ ವಿಶ್ವವಿದ್ಯಾಲಯಕ್ಕೆ ಬಂದನು. ಕೆಟ್ಟ ಮೇವನ್ನು ತಿಂದ ದನಗಳು ರಕ್ತ ಸೋರಿ ಸಾಯುತ್ತಿದ್ದವು. ಕಾರ್ಲ್ ಲಿಂಕ್ ಎಂಬ ರಸಾಯನಜ್ಞನ ಶಿಷ್ಯರು ಅದರ ಕಾರಣವನ್ನು ವರ್ಷಗಟ್ಟಲೆ ಅರಸಿ, 1939 ರಲ್ಲಿ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಿದರು. ಆ ನಿಧಿಯ ಆಶ್ರಯದಲ್ಲಿ ಮುಂದುವರಿದ ಕೆಲಸದಿಂದ ಹುಟ್ಟಿದ ವಾರ್ಫರಿನ್ ಎಂಬ ಪದಾರ್ಥವು 1948 ರಲ್ಲಿ ಇಲಿಯ ವಿಷವಾಗಿ ಪೇಟೆಗೆ ಬಂದು, 1954 ರಲ್ಲಿ ಮನುಷ್ಯರ ಔಷಧವಾಗಿ ಮಾನ್ಯವಾಯಿತು. ಹೃದಯದ ಕವಾಟವನ್ನು ಬದಲಿಸಿಕೊಂಡ ರೋಗಿಗಳಿಗೆ ರಕ್ತವು ಹೆಪ್ಪುಗಟ್ಟದಂತೆ ಇಂದಿಗೂ ಅದನ್ನು ಕೊಡುವರು. ಔಷಧದ ಹೆಸರಿನಲ್ಲಿಯೇ ಆ ನಿಧಿಯ ಹೆಸರಿನ ಮೊದಲಕ್ಷರಗಳು ಉಳಿದಿರುವವು. ವಿದ್ವಾಂಸನ ದಾನವೂ ರೈತನ ಪ್ರಶ್ನೆಯೂ ಕೂಡಿದಲ್ಲಿ ಇಂಥ ಫಲವು ಉಂಟಾಗುವದು.

ಮೂರನೆಯದು ಭಾರತದ್ದೇ. ಕಲಕತ್ತೆಯ ಕ್ಯಾಂಪ್‌ಬೆಲ್ ಆಸ್ಪತ್ರೆಯಲ್ಲಿ ಉಪೇಂದ್ರನಾಥ ಬ್ರಹ್ಮಚಾರಿಗಳು ನೀರಿನ ನಳವೂ ವಿದ್ಯುದ್ದೀಪವೂ ಇಲ್ಲದ ಒಂದು ಇಕ್ಕಟ್ಟಾದ ಕೋಣೆಯಲ್ಲಿ ಕಂದೀಲಿನ ಬೆಳಕಿನಿಂದ ದುಡಿದು, ಕಾಲಾಜ್ವರಕ್ಕೆ ಯೂರಿಯಾ ಸ್ಟಿಬಮೈನ್ ಎಂಬ ಔಷಧವನ್ನು ಕಂಡುಹಿಡಿದರು. ಅವರಿಗೆ ನೆರವಾದದ್ದು 1911 ರಲ್ಲಿ ಸ್ಥಾಪಿತವಾಗಿ, 1949 ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತೆಂದು ಹೆಸರು ಬದಲಿಸಿಕೊಂಡ ಸಂಸ್ಥೆ. ಸಾಲೋಟಗಿಯ ದಾನಿಗಳು ದೀಪಕ್ಕೆಂದೇ ಭೂಮಿಯನ್ನು ಬಿಟ್ಟದ್ದು ಎಷ್ಟು ಯುಕ್ತವೆಂಬುದು ಈ ಕಂದೀಲಿನಿಂದ ಮನವರಿಕೆಯಾಗುವದು.

ಅಮೇರಿಕೆಯಲ್ಲಿ 2006 ರಿಂದೀಚೆಗೆ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಆಯ್ದ ವಿಶ್ವವಿದ್ಯಾಲಯಗಳಿಗೆ ಚಿಕಿತ್ಸಾ ಸಂಶೋಧನೆಗಾಗಿ ಕೊಡುವ ಧನದಿಂದ, ಆ ವಿಶ್ವವಿದ್ಯಾಲಯಗಳೇ ತಮ್ಮೊಳಗೆ ಚಿಕ್ಕ ಪ್ರಾರಂಭಿಕ ಅನುದಾನಗಳನ್ನು ಹಂಚುವ ಏರ್ಪಾಡು ನಡೆದುಬಂದಿರುವದು. ಭಾರತದಲ್ಲಿ ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಪರಿಷತ್ತು 2017 ರಲ್ಲಿ ಪರಿಷ್ಕರಿಸಿದ ಕ್ರಮದಲ್ಲಿ, ವಿಶ್ವವಿದ್ಯಾಲಯವು ಅಧ್ಯಾಪಕರಿಗೆ ಬೀಜಧನವನ್ನು ಎಷ್ಟು ಕೊಡುವದೆಂಬುದನ್ನೂ ಗಣನೆಗೆ ತೆಗೆದುಕೊಂಡಿತು. ಇದರಿಂದ ಪದ್ಧತಿಯು ದೇಶದಲ್ಲೆಲ್ಲ ಹಬ್ಬಿತು.

ಪ್ರಾರಂಭದಶೆಯ ಸ್ವರೂಪ

ಈ ಹಣದಿಂದ ನಡೆಯುವ ಕೆಲಸವು ಯಾವ ಬಗೆಯದೆಂಬುದನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೆರಿಗೆಯ ತರುವಾಯದ ರಕ್ತಸ್ರಾವವನ್ನು ತಡೆಯುವ ಹೊಸ ಉಪಾಯವೊಂದು ವೈದ್ಯಳಿಗೆ ಹೊಳೆಯಿತೆಂದು ಭಾವಿಸೋಣ. ಅದನ್ನು ಸಾವಿರಾರು ತಾಯಂದಿರಲ್ಲಿ ಪರೀಕ್ಷಿಸುವದಕ್ಕೆ ಮುಂಚೆ ಕೆಲವು ಸಂಗತಿಗಳು ಗೊತ್ತಾಗಬೇಕು. ಕೇಳಿದರೆ ಎಷ್ಟು ಮಂದಿ ಒಪ್ಪುವರು? ಒಪ್ಪಿದವರಲ್ಲಿ ಎಷ್ಟು ಮಂದಿ ಮತ್ತೆ ತೋರಿಸಲು ಬರುವರು? ಸೋರಿದ ರಕ್ತವನ್ನು ಅಳೆಯುವ ಕ್ರಮವು ಇಬ್ಬರು ದಾದಿಯರ ಕೈಯಲ್ಲಿ ಒಂದೇ ಲೆಕ್ಕವನ್ನು ಕೊಡುವದೋ ಇಲ್ಲವೋ? ಒಬ್ಬಳಿಂದ ಒಬ್ಬಳಿಗೆ ಆ ಅಳತೆಯು ಎಷ್ಟು ಹೆಚ್ಚುಕಡಿಮೆಯಾಗುವದು? ಈ ಕಡೆಯ ಅಂಕಿಯು ತಿಳಿಯದೆ ದೊಡ್ಡ ಪರೀಕ್ಷೆಗೆ ಎಷ್ಟು ಮಂದಿ ಬೇಕೆಂಬುದನ್ನು ಗಣಿತಜ್ಞನು ಹೇಳಲಾರನು. ಕಡಿಮೆ ಜನರನ್ನು ಸೇರಿಸಿದರೆ ನಿಜವಾದ ಗುಣವೂ ಕಾಣದೆ ಹೋಗುವದು. ಅವಶ್ಯಕ್ಕಿಂತ ಹೆಚ್ಚು ಜನರನ್ನು ಸೇರಿಸಿದರೆ ಹಲವರನ್ನು ನಿಷ್ಕಾರಣವಾಗಿ ಪರೀಕ್ಷೆಗೆ ಗುರಿಮಾಡಿದಂತಾಗುವದು. ಆದುದರಿಂದ ಕೆಲವೇ ಮಂದಿಯಲ್ಲಿ ಮೊದಲು ನಡೆಯುವ ಈ ಚಿಕ್ಕ ಅಧ್ಯಯನವು ಧರ್ಮಕ್ಕೂ ಗಣಿತಕ್ಕೂ ಸಮಾನವಾಗಿ ಸಂಬಂಧಿಸಿದ್ದು.

ಇದರ ನಡಾವಳಿಯು ಸಾಮಾನ್ಯವಾಗಿ ಹೀಗಿರುವದು. ವಿಶ್ವವಿದ್ಯಾಲಯವು ಅರ್ಜಿಗಳನ್ನು ಕರೆಯುವದು. ಅಧ್ಯಾಪಕನು ಪ್ರಶ್ನೆ, ಕ್ರಮ, ಅವಧಿ, ವೆಚ್ಚಗಳನ್ನು ಬರೆದುಕೊಡುವನು. ಶಾಸ್ತ್ರಜ್ಞರ ಸಮಿತಿಯು ಅದರ ಬಲಾಬಲವನ್ನು ನೋಡುವದು. ಆ ಮೇಲೆ ನೀತಿ ಸಮಿತಿಯು ರೋಗಿಯ ಹಿತವನ್ನು ನೋಡುವದು. ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ 2017 ರ ಮಾರ್ಗಸೂತ್ರಗಳಂತೆ ಈ ಸಮಿತಿಯಲ್ಲಿ 7 ರಿಂದ 15 ಸದಸ್ಯರು ಇರತಕ್ಕದ್ದು. ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು. ವೈದ್ಯರಲ್ಲದೆ ಕಾನೂನು ಬಲ್ಲವರೂ, ಶಾಸ್ತ್ರವರಿಯದ ಸಾಮಾನ್ಯ ಪ್ರಜೆಯೊಬ್ಬರೂ ಕುಳಿತಿರಬೇಕು. ಔಷಧ ಪರೀಕ್ಷೆಗಳನ್ನು 2007 ರ ಜುಲೈ 20 ರಂದು ಆರಂಭವಾದ ರಾಷ್ಟ್ರೀಯ ದಾಖಲೆಯಲ್ಲಿ ಮುಂಚಿತವಾಗಿ ನಮೂದಿಸುವದು 2009 ರ ಜೂನ್ 15 ರಿಂದ ಕಡ್ಡಾಯವಾಯಿತು. ಹೊಸ ಔಷಧಗಳ ವಿಷಯಕ್ಕೆ 2019 ರ ನಿಯಮಗಳು ಇರುವವು. ಈಗಾಗಲೇ ಮಾನ್ಯವಾದ ಔಷಧವನ್ನು ಬೇರೆ ರೋಗಕ್ಕೆ ಅಥವಾ ಬೇರೆ ಪ್ರಮಾಣದಲ್ಲಿ ಕೇವಲ ಜ್ಞಾನಾರ್ಥವಾಗಿ ಪರೀಕ್ಷಿಸುವ ಅಧ್ಯಾಪಕನ ದಾರಿಯನ್ನು ಆ ನಿಯಮಗಳು ಕೆಲಮಟ್ಟಿಗೆ ಸುಗಮಗೊಳಿಸಿದವು. ಬೀಜಧನದಿಂದ ಬೆಳೆಯುವ ಅನೇಕ ಅಧ್ಯಯನಗಳು ಈ ಜಾತಿಯವೇ.

ಬೆಳಗಾವಿಯ ನಿದರ್ಶನ

ಬೀಜದಶೆಯನ್ನು ದಾಟಿದ ಸಂಶೋಧನೆಯು ಎಂಥದಾಗಬಲ್ಲದೆಂಬುದನ್ನು ಬೆಳಗಾವಿಯ ವೈದ್ಯರು ತೋರಿಸಿಕೊಟ್ಟಿರುವರು. 2002 ರಿಂದ 2005 ರ ವರೆಗೆ ಆ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ, ಜವಾಹರಲಾಲ ನೆಹರೂ ವೈದ್ಯಕೀಯ ಮಹಾವಿದ್ಯಾಲಯದವರು ಅಮೇರಿಕೆಯ ಸಹೋದ್ಯೋಗಿಗಳೊಡನೆ ಕೂಡಿ 1620 ಬಾಣಂತಿಯರಲ್ಲಿ ಮಿಸೊಪ್ರೊಸ್ಟಾಲ್ ಎಂಬ ಗುಳಿಗೆಯನ್ನು ಪರೀಕ್ಷಿಸಿದರು. ಶೀತಪೆಟ್ಟಿಗೆಯೂ ಸೂಜಿಯೂ ಬೇಡದ ಆ ಗುಳಿಗೆಯನ್ನು ಹಳ್ಳಿಯ ದಾದಿಯರೇ ಕೊಟ್ಟರು. ಹೆರಿಗೆಯ ರಕ್ತಸ್ರಾವವು ನೂರಕ್ಕೆ 12 ರಿಂದ 6.4 ಕ್ಕೆ ಇಳಿಯಿತು. ತೀವ್ರವಾದ ಸ್ರಾವವು 1.2 ರಿಂದ 0.2 ಕ್ಕೆ ಇಳಿಯಿತು. ಹದಿನೆಂಟು ಮಂದಿಗೆ ಗುಳಿಗೆಯನ್ನು ಕೊಟ್ಟರೆ ಒಬ್ಬಳ ರಕ್ತಸ್ರಾವವು ತಪ್ಪುವದೆಂದು ಲೆಕ್ಕವು ಸಿದ್ಧವಾಯಿತು. 2006 ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಪ್ರಕಟವಾಯಿತು. 2011 ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಉಪಯೋಗಕ್ಕಾಗಿ ಆ ಗುಳಿಗೆಯನ್ನು ಅವಶ್ಯಕ ಔಷಧಗಳ ಪಟ್ಟಿಯಲ್ಲಿ ಸೇರಿಸಿತು.

ಆ ಪರೀಕ್ಷೆಯು ನಡೆದದ್ದು ಹೊರದೇಶದ ದೊಡ್ಡ ಅನುದಾನದಿಂದಲೇ ಹೊರತು ಬೀಜಧನದಿಂದಲ್ಲವೆಂಬುದನ್ನು ಸ್ಪಷ್ಟವಾಗಿ ಹೇಳತಕ್ಕದ್ದು. ಆದರೆ ಹೊರಗಿನ ಹಣವು ಬರಿಯ ನೆಲಕ್ಕೆ ಬರುವದಿಲ್ಲ. ಹಳ್ಳಿಗಳ ಪರಿಚಯವುಳ್ಳ ವೈದ್ಯರು, ಅಳೆಯಲು ಕಲಿತ ದಾದಿಯರು, ಲೆಕ್ಕವನ್ನು ಪ್ರಾಮಾಣಿಕವಾಗಿ ಇಡುವ ಗುಮಾಸ್ತರು, ಬೇಡವೆನ್ನಲು ಧೈರ್ಯವುಳ್ಳ ನೀತಿ ಸಮಿತಿ, ಇವಿಷ್ಟೂ ಇದ್ದಲ್ಲಿಗೇ ಅದು ಬರುವದು. ಇಂಥ ಹದವಾದ ಭೂಮಿಯನ್ನು ಸಿದ್ಧಪಡಿಸುವದು ಆಯಾ ವಿದ್ಯಾಸಂಸ್ಥೆಯ ಸ್ವಂತ ಜವಾಬ್ದಾರಿಯಾಗಿರುವದು. ಆಂತರಿಕ ಅನುದಾನದ ಮುಖ್ಯ ಪ್ರಯೋಜನವು ಒಂದೆರಡು ಲೇಖನಗಳಲ್ಲ. ಸಂಶೋಧನೆಯ ಶಿಸ್ತನ್ನು ಕಲಿತ ಮನುಷ್ಯರು.

ಮೂರು ಅಪಾಯಗಳು

ಹೀಗೆ ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮರೆಮಾಚುವದು ಇತಿಹಾಸದ ಧರ್ಮವಲ್ಲ.

ಪ್ರಥಮತಃ, ಅಂಕಗಳಿಗಾಗಿ ಬಿತ್ತುವ ಅಪಾಯವು. ಬೀಜಧನವು ಮೌಲ್ಯಮಾಪನದ ಲೆಕ್ಕದಲ್ಲಿ ಸೇರಿದಂದಿನಿಂದ, ಹಣವು ಕೊಡಲ್ಪಟ್ಟಿತೋ ಎಂಬುದರ ಮೇಲೆ ಇದ್ದಷ್ಟು ದೃಷ್ಟಿಯು, ಏನು ಕೇಳಲ್ಪಟ್ಟಿತೆಂಬುದರ ಮೇಲೆ ಇರದೆ ಹೋಗಬಹುದು. ಎಲ್ಲರಿಗೂ ಸ್ವಲ್ಪಸ್ವಲ್ಪ ಹಂಚಿಬಿಟ್ಟರೆ ಮನಸ್ತಾಪವು ತಪ್ಪುವದು. ಆದರೆ ಯಾವ ಪ್ರಶ್ನೆಯೂ ಕೊನೆಮುಟ್ಟದು. ಒಂದೇ ಕೂರಿಗೆಯ ಬೀಜವನ್ನು ಊರ ಹೊಲಕ್ಕೆಲ್ಲ ಚೆಲ್ಲಿದರೆ ಯಾವ ಹೊಲವೂ ಬೆಳೆಯದು.

ದ್ವಿತೀಯತಃ, ಸೋಲನ್ನು ಮುಚ್ಚುವ ಅಪಾಯವು. ಪ್ರಾರಂಭದಶೆಯ ಅಧ್ಯಯನಗಳಲ್ಲಿ ಅನೇಕವು ವಿಫಲವಾಗುವದು ಸಹಜವು. ವಿಫಲವಾದ ಉಪಾಯವನ್ನು ಪ್ರಕಟಿಸದೆ ಬಿಟ್ಟರೆ ಮತ್ತೊಂದು ಊರಿನ ವೈದ್ಯನು ಅದನ್ನೇ ಮತ್ತೆ ಮಾಡುವನು. ಮತ್ತೆ ಕೆಲವು ರೋಗಿಗಳು ಅದೇ ತೊಂದರೆಯನ್ನು ಅನುಭವಿಸುವರು. ಟೊರಾಂಟೋದ ಜನವರಿ 11 ರ ಸೋಲು ದಾಖಲಾಗಿದ್ದರಿಂದಲೇ ಜನವರಿ 23 ರ ಗೆಲುವಿಗೆ ಅರ್ಥವು ಬಂದಿತು. ಆದುದರಿಂದ ಅನುದಾನವನ್ನು ಕೊಡುವವರು ಗೆಲುವಿನ ವರದಿಯನ್ನಲ್ಲ, ನಿಜದ ವರದಿಯನ್ನು ಕೇಳತಕ್ಕದ್ದು.

ತೃತೀಯತಃ, ಎಲ್ಲಕ್ಕೂ ದೊಡ್ಡದು, ರೋಗಿಯ ಒಪ್ಪಿಗೆಯನ್ನು ಕಡೆಗಣಿಸುವ ಅಪಾಯವು. ದೇಶದಲ್ಲಿ 2009-10 ರಲ್ಲಿ ಬಾಲಿಕೆಯರಿಗೆ ಗರ್ಭಕಂಠದ ಅರ್ಬುದವನ್ನು ತಡೆಯುವ ಲಸಿಕೆಯನ್ನು ಹಾಕಿದ ಒಂದು ಅಧ್ಯಯನದಲ್ಲಿ, ಪಾಲಕರ ಬದಲು ವಸತಿಗೃಹದ ಮೇಲ್ವಿಚಾರಕರೇ ಒಪ್ಪಿಗೆಯ ಕಾಗದಗಳಿಗೆ ರುಜು ಹಾಕಿದ್ದು ಬಯಲಿಗೆ ಬಂದಿತು. 2010 ರ ಏಪ್ರಿಲದಲ್ಲಿ ಅದು ನಿಲ್ಲಿಸಲ್ಪಟ್ಟಿತು. 2013 ರಲ್ಲಿ ಸಂಸತ್ತಿನ ಸಮಿತಿಯು ಅದನ್ನು ಕಟುವಾಗಿ ಖಂಡಿಸಿತು. ಲಸಿಕೆಯು ಒಳ್ಳೆಯದಾಗಿದ್ದರೂ ಕ್ರಮವು ಕೆಟ್ಟಿದ್ದರಿಂದ ಜನರ ವಿಶ್ವಾಸಕ್ಕೆ ಪೆಟ್ಟು ಬಿದ್ದಿತು. ಬಸವನ ಬಾಗೇವಾಡಿ ಸೀಮೆಯ ಹೂವಿನ ಹಿಪ್ಪರಗಿಯಂಥ ಗ್ರಾಮದಿಂದ ಓದುಬರಹ ಬಾರದ ತಾಯಿಯೊಬ್ಬಳು ವಿಜಾಪುರದ ದವಾಖಾನೆಗೆ ಬಂದಾಗ, ವೈದ್ಯನ ಮಾತಿಗೆ ಎದುರಾಡುವದು ಅವಳಿಗೆ ಸುಲಭವಲ್ಲ. ಅವಳಿಗೆ ತಿಳಿಯುವ ಕನ್ನಡದಲ್ಲಿ ಹೇಳಿ, ಪಕ್ಷಪಾತವಿಲ್ಲದ ಅಕ್ಷರಸ್ಥ ಸಾಕ್ಷಿಯೊಬ್ಬನನ್ನು ಹತ್ತಿರ ಇರಿಸಿಕೊಂಡು, “ಒಲ್ಲೆನೆಂದರೂ ಚಿಕಿತ್ಸೆಯು ನಿಲ್ಲದು” ಎಂಬುದನ್ನು ಮನಗಾಣಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ವಿಶ್ವವಿದ್ಯಾಲಯವು ಹಣವನ್ನು ಹೂಡುವದು; ಅವಳು ತನ್ನ ದೇಹವನ್ನೇ ಹೂಡುವಳು. ಇವೆರಡರಲ್ಲಿ ಯಾವದು ದೊಡ್ಡದೆಂಬುದನ್ನು ವಾಚಕರೇ ನಿಶ್ಚಯಿಸಬೇಕು.

ಈ ನೆಲದ ಪ್ರಶ್ನೆಗಳು

ದೊಡ್ಡ ಅನುದಾನವನ್ನು ಕೊಡುವವರು ತಮ್ಮ ಪ್ರಶ್ನೆಗಳನ್ನು ತಾವೇ ತರುವರು. ಬೀಜಧನದ ವಿಶೇಷವೇನೆಂದರೆ, ಅದರಿಂದ ಈ ನೆಲದ ಪ್ರಶ್ನೆಗಳನ್ನು ಈ ನೆಲದವರೇ ಕೇಳಬಹುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳನ್ನು ಒಳಗೊಂಡ ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವು ಕಡೆಗಳಲ್ಲಿ ಫ್ಲೋರೈಡಿನ ಅಂಶವು ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಮಿಗಿಂತ ಹೆಚ್ಚಿರಬಾರದೆಂದೂ, ಬೇರೆ ನೀರೇ ಇಲ್ಲದಲ್ಲಿ 1.5 ರ ವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ವಿಧಿಸಿರುವದು. ಹಲ್ಲಿನ ಕಲೆಯು ಕಣ್ಣಿಗೆ ಕಾಣುವದು. ಎಲುಬಿನ ಹಾನಿಯನ್ನು ಮೊದಲೇ ಅರಿಯುವ ಅಗ್ಗದ ಉಪಾಯವೇನು? ಹೊಲದಲ್ಲಿ ಹಾವು ಕಚ್ಚಿದವನಿಗೆ ಕೊಡುವ ಪ್ರತಿವಿಷವು ನಾಗರ, ಕಟ್ಟುಹಾವು, ಎರಡು ಬಗೆಯ ಮಂಡಲಗಳೆಂಬ ನಾಲ್ಕು ಜಾತಿಗಳಿಗಾಗಿ ಸಿದ್ಧವಾದದ್ದು. ಹಾವಿನ ವಿಷದ ಗುಣವು ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುವದರಿಂದ, ಈ ಸೀಮೆಯ ರೋಗಿಗಳಿಗೆ ಎಷ್ಟು ಪ್ರಮಾಣವು ಸಾಕಾಗುವದು? ಜೋಳದ ರೊಟ್ಟಿಯನ್ನೇ ಮುಖ್ಯವಾಗಿ ಉಣ್ಣುವ ಗರ್ಭಿಣಿಯ ರಕ್ತಹೀನತೆಗೆ ಕಬ್ಬಿಣಾಂಶವನ್ನು ಯಾವ ರೂಪದಲ್ಲಿ ಕೊಟ್ಟರೆ ಹತ್ತುವದು? ಇಂಥ ಪ್ರಶ್ನೆಗಳಿಗೆ ಮೊದಲ ಹೆಜ್ಜೆಯಾಗಿ ಕೋಟಿಗಟ್ಟಲೆ ಹಣವು ಬೇಕಿಲ್ಲ. ಒಬ್ಬ ತರುಣ ವೈದ್ಯನಿಗೆ ಒಂದೆರಡು ವರ್ಷಗಳ ಅವಕಾಶವೂ, ಪ್ರಯೋಗಶಾಲೆಯ ಸಾಮಗ್ರಿಗೆ ಬೇಕಾಗುವಷ್ಟು ಹಣವೂ, ತಪ್ಪಿದರೆ ತಪ್ಪಿತೆಂದು ಹೇಳುವ ಸ್ವಾತಂತ್ರ್ಯವೂ ಸಾಕು.

ಮಠಗಳೂ ದಾನಿಗಳೂ ಕಟ್ಟಡಕ್ಕೆ, ದಾಸೋಹಕ್ಕೆ, ವಿದ್ಯಾರ್ಥಿನಿಲಯಕ್ಕೆ ಧಾರಾಳವಾಗಿ ಕೊಟ್ಟಿರುವರು. ಕಟ್ಟಡದ ಮೇಲೆ ದಾನಿಯ ಹೆಸರನ್ನು ಕೆತ್ತಬಹುದು. ಅನ್ನವನ್ನು ಉಂಡವರು ಹರಸುವರು. ವಿಫಲವಾಗಬಹುದಾದ ಒಂದು ಪ್ರಶ್ನೆಗೆ ಕೊಟ್ಟ ಹಣದ ಮೇಲೆ ಯಾರ ಹೆಸರೂ ನಿಲ್ಲುವದಿಲ್ಲ. ಆದುದರಿಂದಲೇ ಆ ದಾನವು ಕಠಿಣವಾದದ್ದು. ಹಸಿದವನ ಅನ್ನವನ್ನು ಕಸಿದು ಸಂಶೋಧನೆಗೆ ಕೊಡಬೇಕೆಂದು ಇದರ ಅರ್ಥವಲ್ಲ. ಇಂದಿನ ರೋಗಿಯ ಪಾಲು ಇಂದಿನ ರೋಗಿಗೇ ಸಲ್ಲತಕ್ಕದ್ದು. ಆದರೆ ರಾಶಿಯೆಲ್ಲವನ್ನೂ ಉಂಡು ತೀರಿಸುವ ಮನೆಯು ಮುಂಗಾರಿಯಲ್ಲಿ ಪರರ ಬಾಗಿಲಿಗೆ ಬೀಜಕ್ಕಾಗಿ ಹೋಗಬೇಕಾಗುವದು. ವಿಜಾಪುರದಲ್ಲಿ ತಾಡವೋಲೆಗಳನ್ನು ಕೂಡಿಸಿದ ವಕೀಲರಿಗೆ ಆ ಕಾಲದಲ್ಲಿ ದೊರೆಯದೆ ಇದ್ದ ಆಸರೆಯು, ಅವರೇ ಸ್ಥಾಪಿಸಿದ ಸಂಸ್ಥೆಯ ಆಸ್ಪತ್ರೆಯಲ್ಲಿ ದುಡಿಯುವ ತರುಣರಿಗೆ ದೊರೆಯುವಂತಾದದ್ದು ಸಂತೋಷದ ಸಂಗತಿಯು. ಅದು ಅಂಕಗಳಿಗಾಗಿ ಅಲ್ಲದೆ ಆರ್ತರಿಗಾಗಿ, ತೋರಿಕೆಗಾಗಿ ಅಲ್ಲದೆ ತಿಳಿವಿಗಾಗಿ ವಿನಿಯೋಗವಾಗಲೆಂಬುದೇ ಈ ಸೀಮೆಯ ಜನರ ಅಪೇಕ್ಷೆಯಾಗಿರತಕ್ಕದ್ದು.